ಡುರಾಂಟಾ ಕಿತ್ತ ಜಾಗಕ್ಕೆ ಯಾವ ಗಿಡ? ಪುಣೆಯಲ್ಲಿ ಮೂರು ಮಳೆಗಾಲ ನೋಡಿದ್ದು

ಕೋಥ್ರೂಡಿನ ನಮ್ಮ ಮನೆ ಎದುರಿನ ಪಾತಿ 20 ಅಡಿ ಉದ್ದ, ಮೂರೂವರೆ ಅಡಿ ಅಗಲ. ಮೊದಲಿದ್ದವರು ನೆಟ್ಟ ಡುರಾಂಟಾ ಎಂಬ ಬೇಲಿ ಪೊದೆ ಕಿಟಕಿಯನ್ನೇ ನುಂಗಿತ್ತು. ಹೊರಗಿನಿಂದ ಹಸಿರು, ಒಳಗೆ ಕೈ ಹಾಕಿದರೆ ಒಣ ಕಡ್ಡಿ ಮತ್ತು ಸೊಳ್ಳೆ. ಒಮ್ಮೆ ಫೆಬ್ರವರಿಯಲ್ಲಿ ಮೊಣಕಾಲೆತ್ತರಕ್ಕೆ ಕಡಿಸಿದೆ. ದೀಪಾವಳಿ ಹೊತ್ತಿಗೆ ಮತ್ತೆ ಕಿಟಕಿ ಸರಳಿಗೆ ಬಂತು. ಹತ್ತಡಿ ದಾಟುವ ಜಾತಿಯನ್ನು ಕಿಟಕಿಯ ಬುಡದಲ್ಲಿ ನೆಟ್ಟರೆ ಅದಾದರೂ ಏನು ಮಾಡೀತು! 2022ರ ಬೇಸಿಗೆಯಲ್ಲಿ ಬುಡಸಮೇತ ಕೀಳಿಸಿದೆ. ಇಬ್ಬರು ಆಳು, ಪಿಕಾಸಿ, ಎರಡು ದಿನ.

ಜೂನಿನ ಮೊದಲ ಮಳೆಗೆ ನಾಲ್ಕು ಜಾತಿ, ಎರಡೆರಡು ಗಿಡ ನೆಟ್ಟೆ: ಕೇಪಳ, ನಂದಿಬಟ್ಟಲು, ಕಾಮಿನಿ (ಘಮದ ಬಿಳಿ ಹೂವಿನ ಪೊದೆ), ದಾಸವಾಳ. ಪಾತಿಯ ಒಂದು ತುದಿಗೆ ಪಡುವಣ ಬಿಸಿಲು ನೇರ ಬೀಳುತ್ತದೆ, ಇನ್ನೊಂದು ತುದಿಗೆ ಪಕ್ಕದ ಮನೆಯ ಮಾವಿನ ನೆರಳು. ಹಾಗಾಗಿ ಪ್ರತಿ ಜಾತಿಗೂ ಅಲ್ಲೊಂದು, ಇಲ್ಲೊಂದು. ಗೊಬ್ಬರ ಎಲ್ಲಕ್ಕೂ ಒಂದೇ: ಕೊಟ್ಟಿಗೆ ಗೊಬ್ಬರ, ಒಂದು ಹಿಡಿ ಬೇವಿನ ಹಿಂಡಿ. ಕಣಗಿಲೆಯನ್ನು ಪಟ್ಟಿಗೇ ಸೇರಿಸಲಿಲ್ಲ. ಪುಣೆಯ ಬಿಸಿಲಿಗೆ ಅದರಷ್ಟು ಗಟ್ಟಿ ಗಿಡ ಇನ್ನೊಂದಿಲ್ಲ, ಆದರೆ ಎಲೆ, ಹೂ, ಕಡ್ಡಿ ಎಲ್ಲವೂ ವಿಷ. ಆಗ ಮಗಳಿಗೆ ಮೂರು ವರ್ಷ.

ನನ್ನ ಮನಸ್ಸಿದ್ದದ್ದು ಕೇಪಳದ ಮೇಲೆ. ಕುಮಟಾ ಕಡೆ ನಾವು ಗುಡ್ಡೆದಾಸಾಳ ಅನ್ನುತ್ತೇವೆ. ಜಂಬಿಟ್ಟಿಗೆ ನೆಲದಲ್ಲಿ ಯಾರೂ ನೀರು ಹಾಕದೆ ಬೇಲಿಯುದ್ದಕ್ಕೂ ಕೆಂಪಗೆ ಅರಳುತ್ತದೆ. ಇಲ್ಲಿ ನಾಲ್ಕನೇ ತಿಂಗಳಿಗೇ ಚಿಗುರೆಲೆ ಹಳದಿಯಾಗಿ, ನರ ಮಾತ್ರ ಹಸಿರು ಉಳಿಯಿತು. ಊರಿಂದ ಬಂದಿದ್ದ ಆಯಿ ಒಂದು ಹಿಡಿ ಮಣ್ಣು ತೆಗೆದು ನೋಡಿದಳು. "ತಮಾ, ಇದು ನಮ್ಮ ಬದಿ ಮಣ್ಣಲ್ಲ ಬಿಡು" ಅಂದಳು. ಅದರಲ್ಲಿದ್ದ ಬಿಳಿ ಹರಳಿನ ಮೇಲೆ ಲಿಂಬೆರಸ ಹಿಂಡಿದೆ, ಬುಸುಬುಸು ನೊರೆ ಬಂತು. ಸುಣ್ಣ! ಇಲ್ಲಿಯ ತೋಟದ ಮಾಳಿ 'ಚುನಖಡಿ' (ಸುಣ್ಣಕಲ್ಲು) ಅಂದದ್ದು ಇದನ್ನೇ. ಸುಣ್ಣವಿರುವ ಎರೆಮಣ್ಣಿನಲ್ಲಿ ಕಬ್ಬಿಣ ಇದ್ದರೂ ಕೇಪಳದ ಬೇರಿಗೆ ಸಿಗುವುದಿಲ್ಲ. ಅದಕ್ಕೆ ಹುಳಿ ಮಣ್ಣೇ ಆಗಬೇಕು. ಮೇಲಿಂದ ನಾನು ಹಾಕುತ್ತಿದ್ದದ್ದು ಬಕೆಟ್ಟಿನ ಅಂಚಿಗೆ ಬಿಳಿ ಗೆರೆ ಕಟ್ಟುವ ಬೋರ್ ನೀರು. ಅನ್ನಭೇದಿ (ಕಬ್ಬಿಣದ ಲವಣ) ಕರಗಿಸಿ ಬುಡಕ್ಕೆ ಹಾಕಿದರೆ ಆ ಮಣ್ಣು ಅದನ್ನೂ ಕಟ್ಟಿಹಾಕಿತು. ಎಲೆಗೆ ಸಿಂಪಡಿಸಿದಾಗ ಹಸಿರು ಬಂತು, ಆದರೆ ಮುಂದಿನ ಚಿಗುರು ಮತ್ತೆ ಹಳದಿ. ಎರಡು ವರ್ಷ ಹೀಗೇ ಹೆಣಗಿದೆ. ಇಷ್ಟದ ಗಿಡ ಕಣ್ಣೆದುರು ಸೊರಗುವುದು ನೋಡಲಾಗದ ಸಂಕಟ.

ಅದೇ ಮಣ್ಣು, ಅದೇ ನೀರು, ಪಕ್ಕದಲ್ಲೇ ನಂದಿಬಟ್ಟಲು ಕಪ್ಪು ಹಸಿರಾಗಿ ನಿಂತಿತ್ತು. ಇಲ್ಲಿಯವರು ಇದಕ್ಕೆ ತಗರ್ ಅನ್ನುತ್ತಾರೆ. ಮಾವಿನ ನೆರಳಿನಲ್ಲಿದ್ದ ಗಿಡ ಸ್ವಲ್ಪ ಉದ್ದವಾಯಿತು, ಹೂ ಕಡಿಮೆ, ಅಷ್ಟೇ. ಬಿಸಿಲಿನದು ಏಪ್ರಿಲ್‌ನ 40 ಡಿಗ್ರಿಯಲ್ಲೂ ವಾರಕ್ಕೆರಡು ನೀರಿನಲ್ಲಿ ಹೂ ಬಿಟ್ಟಿತು. ಕತ್ತರಿಸುವಾಗ ಹಾಲು ಸುರಿಯುತ್ತದೆ, ಕೈಗವಸು ಬೇಕು, ಮಕ್ಕಳಿಗೂ ಇದನ್ನು ಬಾಯಿಗೆ ಹಾಕಬಾರದೆಂದು ಹೇಳಿಕೊಡಬೇಕು. ಮಳೆಗಾಲದಲ್ಲಿ ಒಂದು ರಾತ್ರಿ ಅರ್ಧ ಗಿಡ ಬೋಳಾಯಿತು. ಹುಡುಕಿದರೆ ಬೆರಳುದ್ದದ ಹಸಿರು ಹುಳ, ಹೆಗಲ ಮೇಲೆ ನೀಲಿ ಕಣ್ಣು. ಕಣಗಿಲೆ ತಿನ್ನುವ ಪತಂಗದ ಮರಿ ಅದು. ಔಷಧಿ ಹೊಡೆಯಲಿಲ್ಲ, ಹೆಕ್ಕಿ ಆಚೆ ಬಿಟ್ಟೆ. ಮೂರು ವಾರದಲ್ಲಿ ಗಿಡ ಮತ್ತೆ ತುಂಬಿಕೊಂಡಿತು.

ಕಾಮಿನಿ ಮೊದಲ ವರ್ಷ ಕದಲಲೇ ಇಲ್ಲ. ದುಡ್ಡು ದಂಡವಾಯಿತು ಅಂದುಕೊಂಡೆ. ಎರಡನೇ ಮಳೆಗಾಲದಲ್ಲಿ ಒಂದು ದೊಡ್ಡ ಮಳೆ ಹೊಯ್ದ ಕೆಲವು ದಿನಕ್ಕೆ ಗಿಡವಿಡೀ ಬೆಳ್ಳಗಾಗಿ, ಸಂಜೆ ಬಾಗಿಲು ತೆರೆದರೆ ಘಮ ಹಜಾರದೊಳಗೆ! ಆ ಹೂವಿನ ಆಯುಷ್ಯ ಎರಡು ಮೂರು ದಿನ, ಆಮೇಲೆ ವಾರಗಟ್ಟಲೆ ಬರೀ ಎಲೆ. ಆದರೆ ನಾಲ್ಕಡಿಗೆ ಕತ್ತರಿಸಿ ಇಡಲು ಇದರಷ್ಟು ಮಾತು ಕೇಳುವ ಗಿಡ ಈ ನಾಲ್ಕರಲ್ಲಿ ಇಲ್ಲ. ಹೂ ಉದುರಿದ ಮೇಲೆ ಕತ್ತರಿ ಆಡಿಸಿದರಾಯಿತು. ಮನೆಯಲ್ಲಿ ಲಿಂಬೆ ಗಿಡವಿದ್ದರೆ ಮಾತ್ರ ದೂರ ನೆಡಿ. ಎರಡೂ ಒಂದೇ ಕುಟುಂಬ, ಲಿಂಬೆ ಚಿಗುರು ಹೀರುವ ಕೀಟ ಕಾಮಿನಿಯಲ್ಲೂ ಸಂಸಾರ ಹೂಡುತ್ತದೆ.

ದಾಸವಾಳದ್ದು ಮುಗಿಯದ ಆರೈಕೆ. ಬೇಸಿಗೆ ಬಂದರೆ ಹಿಟ್ಟು ತಿಗಣೆ, ಅದರ ಹಿಂದೆ ಇರುವೆ ಸಾಲು, ವಾರವಾರ ಸೋಪಿನ ನೀರು. ನೆರಳಿನ ಗಿಡ ಸತ್ತಿತು. ಬಿಸಿಲಿನದನ್ನು ಕೀಳಲು ಮನಸ್ಸಾಗಲಿಲ್ಲ. ಎದುರು ಮನೆ ಕಾಕೂ ದಿನಾ ಬೆಳಿಗ್ಗೆ ಗಣಪತಿಗೆ ಅದರ ಹೂ ಕೊಯ್ಯುತ್ತಾರೆ. ನೆಡುವುದಾದರೆ ನಾಟಿ ಕೆಂಪು ಒಂಟಿ ಎಸಳಿನದೇ ಇರಲಿ, ನರ್ಸರಿಯ ಬಣ್ಣಬಣ್ಣದ ಹೈಬ್ರಿಡ್ ಬೇಡ.

ಹೀಗಾಗಿ ಕಿಟಕಿ ಕೆಳಗೆ ಗಿಡ್ಡ ಜಾತಿಯ ನಂದಿಬಟ್ಟಲು ನಾಲ್ಕು, ಮೂರು ಮೂರು ಅಡಿ ಅಂತರದಲ್ಲಿ. ಬಾಗಿಲ ಬದಿಯ ಮೂಲೆಗೆ ಕಾಮಿನಿ ಒಂದು. ಗೇಟಿನ ಹತ್ತಿರ ಕಾಕೂ ಅವರ ದಾಸವಾಳ. ಮೊದಲ ವರ್ಷ ನಡುವೆ ಖಾಲಿ ಮಣ್ಣು ಕಾಣುತ್ತದೆ, ಇನ್ನೆರಡು ಗಿಡ ತುರುಕೋಣ ಅನಿಸುತ್ತದೆ. ನಾನು ಆ ಜಾಗಕ್ಕೆ ಒಣ ಎಲೆ ಹೊದಿಸಿದ್ದೇನೆ.

ಉಳಿದ ಕೇಪಳ ಎರಡನ್ನೂ ದೊಡ್ಡ ಕುಂಡಕ್ಕೆ ಎತ್ತಿದೆ. ಕೆಳಗೆ ಊರಿಂದ ಚೀಲದಲ್ಲಿ ತಂದ ಕೆಂಪು ಮಣ್ಣು, ಮೇಲೆ ಎಲೆಗೊಬ್ಬರ, ಹಾಕುವುದು ಡ್ರಮ್ಮಿನಲ್ಲಿ ಹಿಡಿದ ಮಳೆ ನೀರು. ಒಂದು ಉಳಿಯಲಿಲ್ಲ. ಇನ್ನೊಂದರಲ್ಲಿ ಈ ಸಲ ಐದು ಗೊಂಚಲು ಬಂದಿದೆ, ಎಲೆಯೂ ಹಸಿರಾಗಿದೆ.