ತೋಟದ ನಿಸ್ತಂತು ಜಾಲಕ್ಕೆ ಮೂರು ವಿನ್ಯಾಸಗಳು: ನನ್ನ ಹೋಲಿಕೆ

ಅಡಿಕೆ ತೋಟದ ಮಣ್ಣಿನ ತೇವವನ್ನು ಮನೆಯಲ್ಲಿ ಕುಳಿತೇ ತಿಳಿಯಬೇಕೆಂದು 14 ಇಎಸ್‌ಪಿ32 (ವೈಫೈ ಇರುವ ಪುಟ್ಟ ಗಣಕ) ಬೋರ್ಡುಗಳನ್ನು ಕೊಂಡು, ರೂಟರಿನ ಆಸರೆಯಿಲ್ಲದೆ ಒಂದರಿಂದ ಒಂದಕ್ಕೆ ಸಂದೇಶ ದಾಟಿಸುವ ಜಾಲವನ್ನು ಮೂರು ಬಗೆಯಲ್ಲಿ ಕಟ್ಟಿ ನೋಡಿದ್ದೇನೆ. ಉಳಿಸಿಕೊಂಡಿರುವುದು ಮೂರನೆಯದನ್ನು: ಯಾವ ಒಂದು ನೋಡ್ (ಜಾಲದ ಒಂದೊಂದು ಬೋರ್ಡು) ಕೆಟ್ಟರೂ ಉಳಿದವು ಒಂದಾಗಿಯೇ ಇರುವ, ಬಿಂದು-ಕೊಂಡಿಗಳ ಗಣಿತವಾದ ಗ್ರಾಫ್ ಸಿದ್ಧಾಂತದ ಪ್ರಕಾರ ಕನಿಷ್ಠ ಎರಡು ಸ್ವತಂತ್ರ ದಾರಿಗಳಿರುವ ವಿನ್ಯಾಸವನ್ನು.

ಮೊದಲನೆಯದು ಗಣಿತಜ್ಞ ಕ್ರಸ್ಕಲ್ 1956ರಲ್ಲಿ ತೋರಿಸಿದ ಕ್ರಮದಂತೆ ಅತಿ ಚಿಕ್ಕ ಕೊಂಡಿಗಳನ್ನಷ್ಟೇ ಆರಿಸಿಕೊಂಡ ವೃಕ್ಷ, ಅಂದರೆ ಎಲ್ಲೂ ಬಳೆಯಾಗದೆ ಮರದಂತೆ ಕವಲೊಡೆಯುವ ಜಾಲ. 14 ನೋಡ್‌ಗಳಿಗೆ 13 ಕೊಂಡಿ ಸಾಕು, ಬ್ಯಾಟರಿಯೂ ಬಹಳ ದಿನ ಬರುತ್ತದೆ. ಆದರೆ ವೃಕ್ಷದಲ್ಲಿ ತುದಿಯ ನೋಡ್‌ಗಳನ್ನು ಬಿಟ್ಟು ಬೇರೆ ಯಾವುದು ಕೆಟ್ಟರೂ ಜಾಲ ತುಂಡಾಗುತ್ತದೆ. ಮುಂಗಾರಿನ ಮೊದಲ ವಾರವೇ ಅದನ್ನು ಕೈಬಿಟ್ಟೆ.

ನನ್ನನ್ನು ನಿಜವಾಗಿ ದಾರಿ ತಪ್ಪಿಸಿದ್ದು ಎರಡನೆಯದು. ಪ್ರತಿ ನೋಡ್‌ಗೂ ಕನಿಷ್ಠ ಇಬ್ಬರು ನೆರೆಯವರಿದ್ದರೆ ಜಾಲ ಭದ್ರ ಎಂದು ನಂಬಿ, ಎರಡು ಕೊಂಡಿ ಹೆಚ್ಚಿಸಿ 15 ಮಾಡಿದೆ. ಎಲ್ಲವನ್ನೂ ಎಣಿಸಿ ನೋಡಿ ನೆಮ್ಮದಿಯಿಂದಿದ್ದಾಗ, ಒಂದು ಬೆಳಿಗ್ಗೆ ಕೆಳತೋಟದ ಆರು ನೋಡ್‌ಗಳು ಒಟ್ಟಿಗೇ ಮೌನವಾದವು. ಆರನ್ನೂ ಒಂದೊಂದಾಗಿ ಬಿಚ್ಚಿ ನೋಡಿದರೂ ದೋಷ ಸಿಗಲಿಲ್ಲ. ಕೊನೆಗೆ ಪಂಪ್‌ಮನೆಯ ಪಕ್ಕದ 7ನೇ ಪೆಟ್ಟಿಗೆಯ ಮುಚ್ಚಳ ತೆಗೆದರೆ, ಒಳಗೆ ಇರುವೆಗಳು ಮಣ್ಣು ತುಂಬಿದ್ದವು, ಬ್ಯಾಟರಿಯ ತಂತಿ ಹಸಿರು ಕಿಲುಬು ಹಿಡಿದು ಕಡಿದಿತ್ತು.

ಕಾಗದದ ಮೇಲೆ ಜಾಲವನ್ನು ಮತ್ತೆ ಬರೆದಾಗ ತಪ್ಪು ಕಣ್ಣಿಗೆ ಬಿತ್ತು. ಹಳ್ಳದ ಬದಿ ತೋಟ ಸೊಂಟದಂತೆ ಕಿರಿದಾಗುವಲ್ಲಿ ಮೇಲಿನ ಬಳೆ ಮತ್ತು ಕೆಳಗಿನ ಬಳೆ 7ನೇ ನೋಡ್ ಒಂದರಲ್ಲೇ ಕೂಡುತ್ತಿದ್ದವು, ಥೇಟ್ 8ರ ಅಂಕಿಯ ಹಾಗೆ. ಎಲ್ಲರಿಗೂ ಇಬ್ಬರು ನೆರೆಯವರಿದ್ದರು, ಆದರೂ ಕೆಳಗಿನಿಂದ ಮನೆಗೆ ಬರುವ ದಾರಿಗಳೆಲ್ಲ ಆ ಒಂದೇ ಪೆಟ್ಟಿಗೆಯನ್ನು ಹಾಯುತ್ತಿದ್ದವು. ಯಾದೃಚ್ಛಿಕವಾಗಿ ಹರಡಿದ ನೋಡ್‌ಗಳ ಸಂಖ್ಯೆ ಬಹಳ ದೊಡ್ಡದಾದಾಗ ನೆರೆಯವರ ಎಣಿಕೆಯೂ ಜಾಲದ ಭದ್ರತೆಯೂ ಬಹುತೇಕ ಒಟ್ಟಿಗೇ ಕೈಗೂಡುತ್ತವೆಂದು ಗಣಿತಜ್ಞ ಮ್ಯಾಥ್ಯೂ ಪೆನ್‌ರೋಸ್ 1999ರಲ್ಲಿ ಸಾಧಿಸಿದ್ದು ನಿಜ. 14 ನೋಡ್‌ಗಳ ನನ್ನ ಕಿರಿದಾದ ತೋಟಕ್ಕೆ ಆ ಭರವಸೆ ಅನ್ವಯಿಸುವುದಿಲ್ಲ.

ಮೂರನೆಯ ವಿನ್ಯಾಸದಲ್ಲಿ ಕೇಳಬೇಕಾದ ಪ್ರಶ್ನೆಯೇ ಬೇರೆ: ಯಾವ ನೋಡ್ ತೆಗೆದರೆ ಜಾಲ ಎರಡಾಗುತ್ತದೆ? ಗಣಕ ವಿಜ್ಞಾನಿಗಳಾದ ಹಾಪ್‌ಕ್ರಾಫ್ಟ್ ಮತ್ತು ಟಾರ್ಜನ್ 1973ರಲ್ಲಿ ಪ್ರಕಟಿಸಿದ ವಿಧಾನವು ಅಂಥ ನೋಡ್‌ಗಳನ್ನೆಲ್ಲ ಒಂದೇ ಸುತ್ತಿನ ಹುಡುಕಾಟದಲ್ಲಿ ಪತ್ತೆಹಚ್ಚುತ್ತದೆ. ನನ್ನಲ್ಲಿ ಸಿಕ್ಕಿದ್ದು 7 ಒಂದೇ. ಹಳ್ಳದ ಆಚೆ ದಡದಲ್ಲಿ ಒಂದು ಬೋರ್ಡು ಹೆಚ್ಚಿಗೆ ಇಟ್ಟು ಎರಡೂ ಬಳೆಗಳಿಗೆ ಜೋಡಿಸಿದೆ; ಈಗ 15 ನೋಡ್, 17 ಕೊಂಡಿ. 7ನ್ನು ಬೇಕೆಂದೇ ಬಂದ್ ಮಾಡಿ ನೋಡಿದೆ, ಕೆಳತೋಟದ ಅಂಕಿಗಳು ಬರುತ್ತಲೇ ಇದ್ದವು.

ಒದ್ದೆ ಎಲೆ ಸಂಕೇತವನ್ನು ತಗ್ಗಿಸುವುದರಿಂದ, ಕೊಂಡಿಗಳ ಬಲವನ್ನು ಎಲೆ ಒದ್ದೆಯಾಗಿರುವ ದಿನವೇ ಅಳೆಯಬೇಕು, ಬೇಸಿಗೆಯ ಅಳತೆ ಮಳೆಗಾಲಕ್ಕೆ ಆಗುವುದಿಲ್ಲ.

ದಿನವೂ ತೋಟ ಸುತ್ತುವವರಿಗೆ ವೃಕ್ಷವೇ ಸಾಕಾದೀತು. ಕೆಳತೋಟಕ್ಕೆ ವಾರಕ್ಕೊಮ್ಮೆ ಇಳಿಯುವ ನನಗೆ ಒಂದು ಬೋರ್ಡಿನ ಖರ್ಚು ಹೊರೆಯೆನಿಸಲಿಲ್ಲ. ಹೊಸ ಬೋರ್ಡಿಗೆ ಮಾತ್ರ ಪಂಪ್‌ಮನೆಯಿಂದ ವಿದ್ಯುತ್ ಎಳೆಯದೆ ಬೇರೆಯೇ ಬ್ಯಾಟರಿ ಕೊಟ್ಟಿದ್ದೇನೆ, ಏಕೆಂದರೆ ಎರಡು ದಾರಿಗಳಿಗೂ ಒಂದೇ ಪ್ಲಗ್ ಇದ್ದರೆ ಅದು ಗ್ರಾಫಿನಲ್ಲಿ ಕಾಣುವುದಿಲ್ಲ.