ರೀಲಿಂಗ್ ಸದ್ದಿನ ಊರಿನಲ್ಲಿ ಮನೆ ರೆಕಾರ್ಡಿಂಗ್: ಯಾವ ಮೈಕ್, ಯಾವ ಇಂಟರ್‌ಫೇಸ್?

ಶಿಡ್ಲಘಟ್ಟದಲ್ಲಿ ಮನೆಯಲ್ಲೇ ಹಾಡು ರೆಕಾರ್ಡ್ ಮಾಡಬೇಕು ಅಂದರೆ ಮೊದಲು ಎದುರಾಗುವುದು ಸದ್ದು. ಪಕ್ಕದ ಬೀದಿಯಲ್ಲಿ ರೇಷ್ಮೆ ರೀಲಿಂಗ್ ಮೋಟಾರು ಬೆಳಗ್ಗೆಯಿಂದಲೇ ಓಡುತ್ತಿರುತ್ತದೆ. ಮನೆಯೊಳಗೆ ಮೊಸಾಯಿಕ್ ನೆಲ, ಆರ್‌ಸಿಸಿ ಸೂರು, ಬರೀ ಗೋಡೆ. ಚಪ್ಪಾಳೆ ತಟ್ಟಿದರೆ ಅದೇ ಸದ್ದು ತಿರುಗಿ ಬರುತ್ತದೆ. ಯೂಟ್ಯೂಬಿನಲ್ಲಿ ನಾನು ನೋಡಿದ ಹೋಲಿಕೆಗಳೆಲ್ಲ ಫೋಮ್ ಹಾಕಿದ ಕೋಣೆಯಲ್ಲಿ ಮಾಡಿದವು. ನಮ್ಮ ಮನೆಗಳಿಗೆ ಅವು ಹೊಂದುವುದಿಲ್ಲ. ಅದಕ್ಕೇ ಗೆಳೆಯರ ಹತ್ತಿರ ಇದ್ದ ಸಾಮಾನು ತಂದು ನಮ್ಮ ನಡುಮನೆಯಲ್ಲೇ ಹಾಕಿ ನೋಡಿದೆ. ತಂಬೂರಿ ಹಿಡಿದು ತತ್ವಪದ ಹಾಡಿಸಿದೆವು, ಬೇರೆ ದಿನ ತಮಟೆ ಬಾರಿಸಿದೆವು.

ಇಂಟರ್‌ಫೇಸ್ ಅಂದರೆ ಮೈಕಿನ ಸಿಗ್ನಲ್ ಅನ್ನು ಲ್ಯಾಪ್‌ಟಾಪಿಗೆ ತಲುಪಿಸುವ ಸಣ್ಣ ಡಬ್ಬ. ಅದಕ್ಕಿಂತ ಮುಂಚೆ ಮೈಕ್ ಆರಿಸಿ. ಮೈಕ್ ಯಾವುದು, ಎಷ್ಟು ಅಂತ ಗೊತ್ತಾದರೆ ಯಾವ ಡಬ್ಬ ಬೇಕು ಅನ್ನೋದು ತಾನಾಗಿ ತಿಳಿಯುತ್ತದೆ.

ಮೈಕ್‌ಗಳಲ್ಲಿ ನಾನು ಎದುರುಬದುರು ಇಟ್ಟಿದ್ದು ಆಡಿಯೋ ಟೆಕ್ನಿಕಾ ಎಟಿ2020 ಮತ್ತು ಶೂರ್ ಎಸ್‌ಎಂ58. ಮೊದಲನೆಯದು ಕಂಡೆನ್ಸರ್, ಅದಕ್ಕೆ 48 ವೋಲ್ಟ್ ಫ್ಯಾಂಟಮ್ ಪವರ್, ಅಂದರೆ ಮೈಕ್ ವೈರಿನಲ್ಲೇ ಇಂಟರ್‌ಫೇಸ್ ಕಳಿಸುವ ಕರೆಂಟ್ ಬೇಕು. ಎರಡನೆಯದು ಡೈನಮಿಕ್, ಅದಕ್ಕೆ ಆ ಕರೆಂಟ್ ಬೇಡ. 1966ರಿಂದ ಬರುತ್ತಿರುವ, ನಮ್ಮ ಜಾತ್ರೆ ಸ್ಟೇಜಿನಲ್ಲೂ ಕಾಣುವ ಗುಂಡು ತಲೆಯ ಮೈಕ್ ಇದು. 'ಕಂಡೆನ್ಸರ್ ಎಲ್ಲಾ ಗದ್ದಲ ಎಳೆದುಕೊಳ್ಳುತ್ತೆ, ಡೈನಮಿಕ್‌ಗೆ ಗದ್ದಲ ಕೇಳಿಸೋದೇ ಇಲ್ಲ' ಅಂತ ಎಲ್ಲರೂ ಹೇಳುತ್ತಾರೆ. ಎರಡನ್ನೂ ಬಾಯಿಂದ ಒಂದೇ ದೂರದಲ್ಲಿಟ್ಟು, ದನಿಯ ಮಟ್ಟ ಸಮ ಮಾಡಿ ಕೇಳಿದರೆ ಹಿಂದಿನ ಮೋಟಾರು ಎರಡರಲ್ಲೂ ಹೆಚ್ಚುಕಮ್ಮಿ ಒಂದೇ ಥರ ಕೇಳಿಸಿತು. ಇಲ್ಲಿ ಕೆಲಸ ಮಾಡುವುದು ದೂರ. ಬಾಯಿಗೂ ಮೈಕ್‌ಗೂ ನಡುವಿನ ದೂರ ಅರ್ಧವಾದರೆ ದನಿ ಸುಮಾರು 6 ಡೆಸಿಬೆಲ್ ಏರುತ್ತದೆ. ಒಂದು ಅಡಿಯಿಂದ ಮೂರು ಇಂಚಿಗೆ ಬಂದರೆ 12 ಡೆಸಿಬೆಲ್. ಮೋಟಾರು ಮಾತ್ರ ಇದ್ದಲ್ಲೇ ಇರುತ್ತದೆ.

ಆದರೂ ಹಾಡಿಗೆ ನಮ್ಮ ನಡುಮನೆಯಲ್ಲಿ ಗೆದ್ದಿದ್ದು ಎಸ್‌ಎಂ58. ಯಾಕೆ? ಅದರ ಹತ್ತಿರ ಹೋಗಿ ಹಾಡಬಹುದು. ಜಾಲರಿಯ ಒಳಗೇ ಗಾಳಿ ತಡೆಯುವ ಪದರ ಇದೆ. 'ಪ', 'ಭ' ಅಕ್ಷರಗಳ ಹೊಡೆತ ಅಷ್ಟಾಗಿ ಬೀಳುವುದಿಲ್ಲ. ಎಟಿ2020 ಮುಂದೆ ಮೂರು ಇಂಚಿನಲ್ಲಿ ಹಾಡಬೇಕಾದರೆ ಬಾಯಿಯ ಗಾಳಿ ತಡೆಯುವ ಪಾಪ್ ಫಿಲ್ಟರ್ ಇರಲೇಬೇಕು. ಗಂಟಲು ಬಿಟ್ಟು ಹಾಡುವವರು ಅಷ್ಟು ಹತ್ತಿರ ನಿಲ್ಲುವುದೂ ಇಲ್ಲ, ಹಿಂದೆ ಸರಿಯುತ್ತಾರೆ. ಸರಿದ ಕೂಡಲೇ ಕೋಣೆಯ ಗುಂಯ್ ಸದ್ದು ಒಳಗೆ ಬರುತ್ತದೆ. ಆದರೆ ತಂಬೂರಿಗೆ ಎಟಿ2020 ಬಹಳ ಚೆನ್ನಾಗಿದೆ. ತಂತಿಯ ಸಣ್ಣ ಝೇಂಕಾರ ಎಸ್‌ಎಂ58ನಲ್ಲಿ ಅಷ್ಟು ಬಿಡಿಸಿ ಕೇಳುವುದಿಲ್ಲ.

ಎರಡೂ ಮೈಕ್ ಹಿಂಬದಿಯ ಸದ್ದನ್ನು ಕಡಿಮೆ ತೆಗೆದುಕೊಳ್ಳುತ್ತವೆ. ಹಾಗಾಗಿ ಮೈಕಿನ ಬೆನ್ನು ಸದ್ದು ಬರುವ ಕಿಟಕಿ ಕಡೆ ಇರಲಿ. ಅಂದರೆ ಹಾಡುವವರು ಕಿಟಕಿಗೆ ಮುಖ ಮಾಡಿ ನಿಲ್ಲಬೇಕು. ಆಗ ಮೈಕ್ ನೋಡುವುದು ಅವರ ಬೆನ್ನ ಹಿಂದಿನ ಗೋಡೆಯನ್ನು. ಕಂಬಳಿ, ದಪ್ಪ ರಗ್ಗು ನೇತು ಹಾಕಬೇಕಾದ್ದು ಆ ಗೋಡೆಗೆ.

ಈಗ ಡಬ್ಬಗಳಿಗೆ ಬರೋಣ. ಎಸ್‌ಎಂ58 ಕೊಡುವ ಸಿಗ್ನಲ್ ತುಂಬಾ ಸಣ್ಣದು. ಎಟಿ2020ಗಿಂತ ಸುಮಾರು 17 ಡೆಸಿಬೆಲ್ ಕಡಿಮೆ. ಅಷ್ಟನ್ನೂ ಇಂಟರ್‌ಫೇಸ್ ಎತ್ತಬೇಕು. ಆದ್ದರಿಂದ ಪೆಟ್ಟಿಗೆ ಮೇಲೆ 192 ಕಿಲೋಹರ್ಟ್ಸ್ (ಸೆಕೆಂಡಿಗೆ ಎಷ್ಟು ಸಲ ಸದ್ದನ್ನು ಅಳೆಯುತ್ತದೆ ಅನ್ನೋ ಲೆಕ್ಕ) ಅಂತ ಬರೆದಿದೆಯಾ ಅಂತ ಹುಡುಕುವ ಬದಲು ಗೇನ್, ಅಂದರೆ ಸಿಗ್ನಲ್ ಎತ್ತುವ ಶಕ್ತಿ, ಎಷ್ಟು ಅಂತ ನೋಡಿ. ಫೋಕಸ್‌ರೈಟ್ ಸ್ಕಾರ್ಲೆಟ್ ಸೋಲೋ ನಾಲ್ಕನೇ ತಲೆಮಾರಿನದು 57 ಡೆಸಿಬೆಲ್ ಕೊಡುತ್ತದೆ. ಆಡಿಯೆಂಟ್ ಇವೋ 4 ಕೊಡುವುದು 58. ಇವೆರಡರ ನಡುವೆ ಕಿವಿಗೆ ವ್ಯತ್ಯಾಸವೇ ಇಲ್ಲ. ಸ್ಕಾರ್ಲೆಟ್ 2ಐ2 ನಾಲ್ಕನೇ ತಲೆಮಾರಿನದು ಮಾತ್ರ 69 ಡೆಸಿಬೆಲ್ ಕೊಡುತ್ತದೆ.

ತತ್ವಪದ ಹಾಡುವವರ ತುಂಬು ಗಂಟಲಿಗೆ 57 ಧಾರಾಳ ಸಾಕು. ಅಜ್ಜಿಯ ಜೋಗುಳ, ಕತೆ ಓದುವ ಮೆಲು ದನಿ ರೆಕಾರ್ಡ್ ಮಾಡುವವರಿಗೆ 69 ನಿಜವಾಗಿ ಉಪಯೋಗಕ್ಕೆ ಬರುತ್ತದೆ. ಪಾಡ್‌ಕಾಸ್ಟ್‌ನವರೆಲ್ಲ ತೋರಿಸುವ ಎಸ್‌ಎಂ7ಬಿ ಮೈಕ್ ಆಸೆ ಇದ್ದರೂ ಅಷ್ಟೇ. ಅದಕ್ಕೆ ಕನಿಷ್ಠ 60 ಡೆಸಿಬೆಲ್ ಗೇನ್ ಬೇಕು.

ಗೇನ್‌ಗಿಂತ ನನಗೆ ಮುಖ್ಯ ಅನ್ನಿಸಿದ್ದು ಮೈಕ್ ಕಿಂಡಿಗಳ ಲೆಕ್ಕ. ಸೋಲೋಗೆ ಮೈಕ್ ಸಿಕ್ಕಿಸಲು ಒಂದೇ ಜಾಗ. ಇನ್ನೊಂದು ಗಿಟಾರ್ ಅಥವಾ ಕೀಬೋರ್ಡಿಗೆ. ಒಬ್ಬರೇ ಮಾತಾಡುವವರಿಗೆ, ಗಿಟಾರ್ ಹಿಡಿದು ಹಾಡುವವರಿಗೆ ಅದು ಒಳ್ಳೆ ಡಬ್ಬ. ನಮ್ಮಲ್ಲಿ ಹಾಗಲ್ವಲ್ಲ. ತಂಬೂರಿ ಮೀಟುತ್ತಲೇ ಹಾಡುತ್ತಾರೆ, ಪಕ್ಕದಲ್ಲಿ ತಾಳ ಇರುತ್ತದೆ. ಎರಡು ಮೈಕ್ ಬೇಕೇ ಬೇಕು. ಯುಎಸ್‌ಬಿ ಮೈಕ್‌ಗಳನ್ನು ನಾನು ಪಟ್ಟಿಯಿಂದ ಬಿಟ್ಟಿದ್ದೂ ಇದಕ್ಕೇ. ಎರಡನೇ ಮೈಕ್ ಸೇರಿಸುವುದು ಅಲ್ಲಿ ದೊಡ್ಡ ತಲೆನೋವು.

ಕೊನೆಗೆ ನನ್ನ ಆಯ್ಕೆ ಇವೋ 4. ಎರಡು ಮೈಕ್ ಕಿಂಡಿ ಇವೆ. ಫ್ಯಾಂಟಮ್ ಪವರ್ ಒಂದೊಂದಕ್ಕೆ ಬೇರೆ ಬೇರೆ ಹಾಕಬಹುದು. ಹಾಡಿಗೆ ಎಸ್‌ಎಂ58, ತಂಬೂರಿಗೆ ಎಟಿ2020, ಎರಡೂ ಒಟ್ಟಿಗೆ ನಡೆಯುತ್ತವೆ. ಸ್ಮಾರ್ಟ್‌ಗೇನ್ ಗುಂಡಿ ಒತ್ತಿ ಸ್ವಲ್ಪ ಹೊತ್ತು ಹಾಡಿದರೆ ಮಟ್ಟ ತಾನೇ ಕೂರಿಸಿಕೊಳ್ಳುತ್ತದೆ. ಹಾಡುವವರೇ ರೆಕಾರ್ಡ್ ಕೂಡ ಮಾಡಿಕೊಳ್ಳುವಾಗ ಇದು ಎಷ್ಟು ಅನುಕೂಲ ಅಂತ ಮಾಡಿ ನೋಡಿದರೇ ಗೊತ್ತಾಗುವುದು. 2ಐ2ನಲ್ಲೂ ಆಟೋ ಗೇನ್ ಇದೆ. ಜೊತೆಗೆ ಕ್ಲಿಪ್ ಸೇಫ್ ಅಂತ ಒಂದಿದೆ, ದನಿ ಥಟ್ಟನೆ ಏರಿದರೆ ಗೇನ್ ಇಳಿಸುತ್ತದೆ. ದುಡ್ಡು ಇನ್ನೊಂದಷ್ಟು ಇದ್ದರೆ ಅದನ್ನೇ ತಗೊಳ್ಳಿ.

ತಮಟೆಯ ಲೆಕ್ಕ ಬೇರೆ. ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಯ ತಮಟೆ ಕಲಾವಿದ ಮುನಿವೆಂಕಟಪ್ಪ ಅವರಿಗೆ 2023ರಲ್ಲಿ ಪದ್ಮಶ್ರೀ ಬಂತು. ಅಂಥ ವಾದ್ಯ ಫೋನಿನಲ್ಲಿ ಪಟಪಟ ಒಡೆದು ಕೇಳುವುದು ನನಗೆ ನಿಜಕ್ಕೂ ಬೇಸರ. ಇಲ್ಲಿ ಗೇನ್ ಬೇಕಾಗಿಯೇ ಇಲ್ಲ, ತಡೆದುಕೊಳ್ಳುವ ಶಕ್ತಿ ಬೇಕು. ಎಸ್‌ಎಂ58 ಅನ್ನು ಒಂದು ಮೊಳ ದೂರದಲ್ಲಿಟ್ಟು ಗೇನ್ ತಳಕ್ಕೆ ಇಳಿಸಿದರೆ ಪೆಟ್ಟು ಪೆಟ್ಟೂ ಸ್ಪಷ್ಟ. ಬರೀ ತಮಟೆ, ಡೋಲು ರೆಕಾರ್ಡ್ ಮಾಡುವ ತಂಡಕ್ಕೆ ಬೆಹ್ರಿಂಗರ್ ಯುಎಂಸಿ202ಎಚ್‌ಡಿ ಸಾಕು. ಎರಡು ಮೈಕ್ ಕಿಂಡಿ, 24 ಬಿಟ್, ಜೋರು ಸದ್ದು ತಗ್ಗಿಸುವ ಪ್ಯಾಡ್ ಗುಂಡಿ ಎಲ್ಲಾ ಇದೆ. ಬೆಲೆಯೂ ಇವುಗಳಲ್ಲಿ ಕಡಿಮೆ.

ಈ ನಾಲ್ಕೂ ಯುಎಸ್‌ಬಿ ವೈರಿನಿಂದಲೇ ಕರೆಂಟ್ ತಗೊಳ್ಳುತ್ತವೆ. ನಮ್ಮೂರಿಗೆ ಇದು ವರ. ಕರೆಂಟ್ ಹೋದಾಗ ಜನರೇಟರ್ ಇಲ್ಲದ ಸಣ್ಣ ರೀಲಿಂಗ್ ಘಟಕಗಳೆಲ್ಲ ನಿಲ್ಲುತ್ತವೆ, ಫ್ಯಾನೂ ನಿಲ್ಲುತ್ತದೆ. ಲ್ಯಾಪ್‌ಟಾಪ್ ಬ್ಯಾಟರಿ ಇದ್ದರೆ ಅದೇ ಒಳ್ಳೆ ಸಮಯ. ಕರೆಂಟ್ ಇದ್ದಾಗಲೂ ಚಾರ್ಜರ್ ತೆಗೆದು ಒಮ್ಮೆ ಕೇಳಿ. ಅರ್ಥಿಂಗ್ ಸರಿ ಇಲ್ಲದ ಮನೆಯಲ್ಲಿ 'ಝುಂ' ಅನ್ನುವ ಸದ್ದು ಅಲ್ಲಿಂದಲೇ ಬರುವುದು ಜಾಸ್ತಿ.

ಹೆಡ್‌ಫೋನ್ ಮುಚ್ಚಿದ ಕಪ್ಪಿನದೇ ಇರಲಿ, ಎಟಿಎಚ್-ಎಂ20ಎಕ್ಸ್ ಸಾಕು. ತೆರೆದದ್ದಾದರೆ ಶ್ರುತಿಯ ಸದ್ದು ಸೋರಿ ಮೈಕ್‌ಗೆ ಬೀಳುತ್ತದೆ. ಹಾಡುವಾಗ ಡೈರೆಕ್ಟ್ ಮಾನಿಟರಿಂಗ್ (ದನಿ ಲ್ಯಾಪ್‌ಟಾಪ್ ಸುತ್ತಿ ಬರದೆ ಇಂಟರ್‌ಫೇಸಿನಿಂದಲೇ ನೇರ ಹೆಡ್‌ಫೋನಿಗೆ ಬರುವುದು) ಹಾಕಿಕೊಂಡರೆ ಸ್ವಂತ ದನಿ ತಡವಾಗಿ ಕೇಳುವ ಕಾಟ ಇರುವುದಿಲ್ಲ. ಸಾಫ್ಟ್‌ವೇರ್‌ಗೆ ರೀಪರ್ ಇದೆ, 60 ದಿನ ಉಚಿತವಾಗಿ ಬಳಸಿ ನೋಡಬಹುದು. 24 ಬಿಟ್, 48 ಕಿಲೋಹರ್ಟ್ಸ್ ಇಟ್ಟು, ಅತಿ ಜೋರಿನ ಸಾಲು ಸಾಫ್ಟ್‌ವೇರಿನ ಮೀಟರಿನಲ್ಲಿ ಮೈನಸ್ 12 ಡೆಸಿಬೆಲ್ ದಾಟದಂತೆ ಗೇನ್ ಇಡಿ. ಕಡಿಮೆ ಆಯ್ತು ಅನ್ನಿಸಿದರೆ ಆಮೇಲೆ ಏರಿಸಬಹುದು. ಒಡೆದ ದನಿಯನ್ನು ಪೂರ್ತಿ ಸರಿ ಮಾಡಲು ಬರುವುದಿಲ್ಲ.