ಕೋಟೆ, ಕತ್ತಿ, ಇತಿಹಾಸ ಅಂತ ಮಕ್ಕಳನ್ನು ಕೂರಿಸುವ ಮುಂಚೆ

‘ಐರನ್‌ಕ್ಲಾಡ್’ ಅನ್ನೋ 2011ರ ಇಂಗ್ಲಿಷ್ ಸಿನಿಮಾ ನಿಮ್ಮ ಕಣ್ಣಿಗೆ ಬಿದ್ದು, ಪಕ್ಕದಲ್ಲಿ ಹದಿಮೂರು ಹದಿನಾಲ್ಕರ ಮಕ್ಕಳು ಕೂತಿದ್ದರೆ, ದಯವಿಟ್ಟು ಮುಂದಕ್ಕೆ ಹೋಗಿಬಿಡಿ. ಸಿನಿಮಾ ಕೆಟ್ಟದಾಗಿದೆ ಅಂತ ಅಲ್ಲ. ಯುದ್ಧದ ಸಿನಿಮಾ ಇಷ್ಟಪಡುವ ದೊಡ್ಡವರಿಗೆ ಅದರಲ್ಲಿ ನೋಡುವಂಥದ್ದು ಬೇಕಾದಷ್ಟಿದೆ. ಮನೆಮಂದಿಯೆಲ್ಲ ಕೂತು ನೋಡಲು ಹೋಗಿ ನಾವು ಪಟ್ಟ ಪಾಡು ಬೇರೆಯವರಿಗೆ ಬೇಡ, ಅಷ್ಟೇ.

ಕಥೆ ಕೇಳಿದರೆ ಶಾಲೆಯ ಪಾಠವೇ ಅನಿಸುತ್ತದೆ. 1215ರ ಜೂನ್‌ನಲ್ಲಿ ಇಂಗ್ಲೆಂಡಿನ ದೊರೆ ಜಾನ್ ಮ್ಯಾಗ್ನಾ ಕಾರ್ಟಾಗೆ, ಅಂದರೆ ದೊರೆಯ ಅಧಿಕಾರಕ್ಕೆ ಮಿತಿ ಹಾಕುವ ಒಪ್ಪಂದಕ್ಕೆ, ಒಪ್ಪಿಗೆ ಕೊಟ್ಟ. ಕೆಲವೇ ತಿಂಗಳಲ್ಲಿ ಕೊಟ್ಟ ಮಾತು ಗಾಳಿಗೆ ತೂರಿದ. ತಿರುಗಿಬಿದ್ದ ಸರದಾರರು ಹಿಡಿದಿದ್ದ ರಾಚೆಸ್ಟರ್ ಕೋಟೆಗೆ ಮುತ್ತಿಗೆ ಹಾಕಿದ. ಟ್ರೇಲರ್‌ನಲ್ಲಿ ಕುದುರೆ, ಕೋಟೆ ಗೋಡೆ, ಬೆಂಕಿ, ಒಂದಿಷ್ಟು ಕಿರುಚಾಟ. ಇದಕ್ಕಿಂತ ಜಾಸ್ತಿ ಹೊಡೆದಾಟ ಮಕ್ಕಳು ಗೇಮ್‌ಗಳಲ್ಲೇ ನೋಡಿರುತ್ತಾರೆ, ಅಲ್ವಾ?

ಸಿನಿಮಾ ಶುರುವಾಗಿ ಸ್ವಲ್ಪ ಹೊತ್ತಿಗೇ ಒಬ್ಬ ಪಾದ್ರಿಯ ನಾಲಿಗೆ ಕತ್ತರಿಸುತ್ತಾರೆ. ನನ್ನ ತಂಗಿಯ ಮಗನಿಗೆ ಹದಿಮೂರು. ಅವನು ನಕ್ಕ. ಆ ವಯಸ್ಸಿನವರು ಹೆದರಿದಾಗ ನಗುತ್ತಾರೆ. ಆಮೇಲಿನ ಹೊಡೆದಾಟದಲ್ಲಿ ಉದ್ದನೆಯ ಕತ್ತಿ ಮೈಗಳನ್ನು ಸೀಳಿಕೊಂಡು ಹೋಗುತ್ತದೆ. ಅದನ್ನೂ ನೋಡಿ ದಕ್ಕಿಸಿಕೊಂಡ. ಕಲ್ಲೆಸೆಯುವ ಯಂತ್ರ ಹೇಗೆ ಕೆಲಸ ಮಾಡುತ್ತದೆ ಅಂತ ನಮಗೇ ಪಾಠ ಮಾಡುತ್ತಿದ್ದ.

ಮಧ್ಯ ದಾಟಿದ ಮೇಲೆ ಕೋಟೆಯವರ ಕಡೆಯ ಹಿರಿಯ ಸರದಾರ ಸೆರೆ ಸಿಕ್ಕುತ್ತಾನೆ. ಅವನ ಕೈ ಕಡಿಯುತ್ತಾರೆ, ಕಾಲು ಕಡಿಯುತ್ತಾರೆ. ಆಮೇಲೆ ಅದೇ ಕಲ್ಲೆಸೆಯುವ ಯಂತ್ರಕ್ಕೆ ಹಾಕಿ ಕೋಟೆಯ ಕಡೆ ಎಸೆಯುತ್ತಾರೆ. ಹುಡುಗನ ಮಾತು ನಿಂತುಹೋಯಿತು. ತಿರುಗಿ ನೋಡಿದರೆ ದಿಂಬನ್ನು ಎದೆಗೆ ಒತ್ತಿಕೊಂಡಿದ್ದಾನೆ, ಎರಡೂ ಕೈಯ ಬೆರಳುಗಳನ್ನು ಅಂಗೈಯೊಳಗೆ ಬಿಗಿಯಾಗಿ ಮಡಚಿಕೊಂಡಿದ್ದಾನೆ. ಟಿವಿ ಆರಿಸಿದೆವು. ‘ಕಡಿಯುವಾಗ ಅವನಿಗೆ ಎಚ್ಚರ ಇರುತ್ತಾ?’ ಅಂತ ಕೇಳಿದ. ಮುಂದಿನ ಕೆಲವು ರಾತ್ರಿ ಲೈಟ್ ಹಾಕಿಕೊಂಡೇ ಮಲಗಿದ. ಅವನಕ್ಕನಿಗೆ ಹದಿನಾರು. ಅವಳಿಗೆ ಭಯಕ್ಕಿಂತ ಸಿಟ್ಟು ಬಂದಿತ್ತು, ಇಂಥದ್ದು ಇದೆ ಅಂತ ಮುಂಚೆ ಯಾರೂ ಯಾಕೆ ಹೇಳಲ್ಲ ಅಂತ.

ನಾವೆಲ್ಲ ಕೇಳುವುದು ‘ರಕ್ತ ಜಾಸ್ತಿ ಇದೆಯಾ’ ಅಂತ. ಆ ಪ್ರಶ್ನೆಯಿಂದ ಏನೂ ಗೊತ್ತಾಗುವುದಿಲ್ಲ. ರಣರಂಗದಲ್ಲಿ ನೂರು ಜನ ಬಿದ್ದರೂ ಆ ಗದ್ದಲದಲ್ಲಿ ಹೋಗಿಬಿಡುತ್ತದೆ. ಕೈಯಲ್ಲಿ ಕತ್ತಿ ಇಲ್ಲದ, ಓಡಲಾಗದ ಒಬ್ಬ ಮನುಷ್ಯನಿಗೆ ನಿಧಾನವಾಗಿ ಏನು ಮಾಡುತ್ತಾರೆ, ಕ್ಯಾಮೆರಾ ಪಕ್ಕಕ್ಕೆ ತಿರುಗುತ್ತಾ ಇಲ್ಲ ಅಲ್ಲೇ ನಿಲ್ಲುತ್ತಾ, ಅವನ ದನಿ ಎಷ್ಟು ಹೊತ್ತು ಕೇಳುತ್ತದೆ? ವಿಚಾರಿಸಬೇಕಾದ್ದು ಇದನ್ನು.

ಟ್ರೇಲರ್ ನಂಬಿ ಕೂರಬೇಡಿ. ಎಲ್ಲರ ಮುಂದೆ ಹಾಕುವ ಟ್ರೇಲರ್‌ನಿಂದ ಇಂಥದ್ದನ್ನೆಲ್ಲ ತೆಗೆದಿರುತ್ತಾರೆ. ಅಮೆರಿಕದಲ್ಲಂತೂ ಹಸಿರು ಪಟ್ಟಿಯದು, ಕೆಂಪು ಪಟ್ಟಿಯದು ಅಂತ ಎರಡು ಬಗೆಯ ಟ್ರೇಲರ್‌ಗಳೇ ಇವೆ. ರಕ್ತಪಾತ ಇರುವುದು ಕೆಂಪಿನಲ್ಲಿ.

ರೇಟಿಂಗ್ ವಿಷಯದಲ್ಲೂ ಒಂದು ಗೊಂದಲ ಇದೆ. ಈ ಸಿನಿಮಾಕ್ಕೆ ಬ್ರಿಟನ್‌ನಲ್ಲಿ 15, ಅಮೆರಿಕದಲ್ಲಿ ಆರ್. ಬ್ರಿಟನ್‌ನ 15 ಅಂದರೆ ಹದಿನೈದು ತುಂಬದವರನ್ನು, ಅಪ್ಪ-ಅಮ್ಮ ಜೊತೆಗಿದ್ದರೂ, ಥಿಯೇಟರ್ ಒಳಗೆ ಬಿಡುವಂತಿಲ್ಲ. ಆರ್ ಅಂದರೆ ಹದಿನೇಳು ತುಂಬದವರ ಜೊತೆ ಹೆತ್ತವರೋ ಹಿರಿಯರೋ ಇರಬೇಕು. ‘ಓ, ನಾವಿದ್ದೀವಲ್ಲ, ನಡೆಯುತ್ತೆ’ ಅಂತ ಎಷ್ಟೋ ಜನ ಅದನ್ನು ಒಪ್ಪಿಗೆ ಚೀಟಿಯ ಥರ ಓದುತ್ತಾರೆ. ನಾವು ಪಕ್ಕದಲ್ಲಿ ಕೂತರೆ ಪರದೆ ಮೇಲಿನದು ಮೆತ್ತಗಾಗುತ್ತದೆಯೇ? ಬ್ರಿಟನ್‌ನ ಸೆನ್ಸಾರ್ ಮಂಡಳಿ ಯಾಕೆ ಆ ರೇಟಿಂಗ್ ಕೊಟ್ಟೆವು ಅಂತ ಎಷ್ಟೋ ಸಿನಿಮಾಗಳಿಗೆ ವಿವರವಾಗಿ ಬರೆದು ಹಾಕುತ್ತದೆ. ಅಂಕಿಗಿಂತ ಆ ವಿವರ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಇನ್ನು ‘ನಿಜವಾಗಿ ನಡೆದದ್ದು’ ಅನ್ನುವ ಮಾತು. ಹುಡುಗನ ಭಯದಲ್ಲಿ ಅರ್ಧ ಪಾಲು ಇದರದ್ದೇ. ಆ ಸರದಾರ ವಿಲಿಯಂ ಡಾಬಿನಿ ಚರಿತ್ರೆಯಲ್ಲಿ ಹಾಗೆ ಸಾಯಲೇ ಇಲ್ಲ. ಸೆರೆಯಲ್ಲಿದ್ದು, ಬಿಡುಗಡೆಯಾಗಿ, 1236ರ ತನಕ ಬದುಕಿದ. ಸೋತವರನ್ನೆಲ್ಲ ಗಲ್ಲಿಗೆ ಹಾಕುತ್ತೇನೆ ಅಂತ ಹೊರಟ ಜಾನ್‌ನನ್ನು ಅವನ ಕಡೆಯವರೇ ತಡೆದರು: ನಾಳೆ ನಮ್ಮವರು ಸಿಕ್ಕಿಬಿದ್ದರೆ ಅವರಿಗೂ ಇದೇ ಗತಿ. ಕೊನೆಗೆ ಗಲ್ಲಿಗೇರಿದ್ದು ಒಬ್ಬ ಬಿಲ್ಲುಗಾರ. ಇದನ್ನೆಲ್ಲ ಹೇಳಿದ ಮೇಲೆ ಹುಡುಗ ಸ್ವಲ್ಪ ಹಗುರಾದ. ನಲವತ್ತು ಹಂದಿಗಳ ಕೊಬ್ಬಿನಿಂದ ಬೆಂಕಿ ಹಚ್ಚಿ ಕೋಟೆಯ ಮೂಲೆ ಕೆಡವಿದ್ದು ಮಾತ್ರ ನಿಜ ಅಂದಾಗ ಮತ್ತೆ ಪ್ರಶ್ನೆ ಶುರು ಮಾಡಿದ. ಕೋಟೆಯಿಂದ ಹೊರಗೆ ಕಳಿಸಿದ ಕೆಲವರ ಕೈಕಾಲು ಕಡಿದರು ಅನ್ನುವ ಸುದ್ದಿ ಆ ಕಾಲದ ಬರಹದಲ್ಲೂ ಇದೆ. ಅದನ್ನು ಅವನಕ್ಕನಿಗಷ್ಟೇ ಹೇಳಿದೆ.

ಹದಿನಾರು ದಾಟಿದವರು ನೋಡಲೇಬೇಕು ಅಂದರೆ ಮೊದಲು ನೀವೊಬ್ಬರೇ ಕೂತು, ಸೌಂಡ್ ಇಟ್ಟುಕೊಂಡು, ಪೂರ್ತಿ ನೋಡಿ. ಸಿನಿಮಾದಲ್ಲಿ ಹಾಸಿಗೆ ದೃಶ್ಯವೂ ಒಂದಿದೆ, ಅದು ಬೇಗ ಹೋಗುತ್ತದೆ. ಸರದಾರ ಸೆರೆ ಸಿಕ್ಕ ಕೂಡಲೇ ಮುಂದಕ್ಕೆ ಓಡಿಸಿದರೂ ಕಥೆ ಅರ್ಥವಾಗುತ್ತದೆ.